ಬದುವಿನ ಕಳೆ, ಮೈಮೇಲಿನ ಇಸುಬು: ಪಾರ್ಥೇನಿಯಂ ಚರ್ಮರೋಗ ಸಂಶೋಧನೆಯ ಚರಿತ್ರೆ

ಹಾವೇರಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಗುತ್ತಲವನ್ನು ಇತಿಹಾಸಕಾರರು ಗುತ್ತ ಅರಸರ ರಾಜಧಾನಿಯೆಂದು ಗುರುತಿಸುತ್ತಾರೆ. 12 ಮತ್ತು 13ನೆಯ ಶತಮಾನಗಳಲ್ಲಿ ಮೊದಲು ಕಲ್ಯಾಣದ ಚಾಲುಕ್ಯರಿಗೂ ಅನಂತರ ದೇವಗಿರಿಯ ಸೇವುಣರಿಗೂ ಸಾಮಂತರಾಗಿದ್ದ ಈ ಮನೆತನದವರು ತಮ್ಮನ್ನು ಚಂದ್ರಗುಪ್ತನ ವಂಶದವರೆಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಆದರೆ ಈ ನೆಲಕ್ಕೆ ತೀರ ಇತ್ತೀಚಿನ, ಕಲ್ಲಿನ ಮೇಲೆ ಬರೆಯದ ಇನ್ನೊಂದು ಚರಿತ್ರೆಯೂ ಇದೆ. 20ನೆಯ ಶತಮಾನದ ಉತ್ತರಾರ್ಧದಲ್ಲಿ ದಖ್ಖನಿನ ಹೊಲದ ಬದುಗಳನ್ನೂ ಬೀಳುಗಳನ್ನೂ ಆವರಿಸಿಕೊಂಡ ಒಂದು ಕಳೆ, ಅದರ ಬೆನ್ನಿಗೇ ರೈತರ ಮುಖ, ಕುತ್ತಿಗೆ, ಮೊಣಕೈಗಳ ಮೇಲೆ ಕಾಣಿಸಿಕೊಂಡ ಬಿಡದ ತುರಿಕೆ, ಆ ತುರಿಕೆಯ ಕಾರಣವನ್ನು ಹುಡುಕುತ್ತ ಚರ್ಮವೈದ್ಯರು, ರಸಾಯನಶಾಸ್ತ್ರಜ್ಞರು ಮತ್ತು ಕೃಷಿವಿಜ್ಞಾನಿಗಳು ನಡೆಸಿದ ಅಧ್ಯಯನ, ಇವೆಲ್ಲ ಸೇರಿ ಆದ ಚರಿತ್ರೆ ಅದು. ರೋಗಿಯ ಮೈಯನ್ನಷ್ಟೇ ನೋಡಿದರೆ ಚರ್ಮದ ಅಲರ್ಜಿ ಅರ್ಥವಾಗುವುದಿಲ್ಲ, ಆತ ದುಡಿಯುವ ನೆಲವನ್ನೂ ನೋಡಬೇಕು ಎಂಬುದನ್ನು ಭಾರತದ ವೈದ್ಯಕೀಯಕ್ಕೆ ಇಷ್ಟು ಗಟ್ಟಿಯಾಗಿ ಕಲಿಸಿಕೊಟ್ಟ ಕಾಯಿಲೆಗಳು ವಿರಳ.

ಗುತ್ತಲ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಬೇಸಾಯ ಬಹುಮಟ್ಟಿಗೆ ಮಳೆಯನ್ನು ನಂಬಿದ ಎರೆ ಮತ್ತು ಮಸಾರಿ ಹೊಲಗಳದ್ದು. ಜೋಳ, ಹತ್ತಿ, ಮೆಣಸಿನಕಾಯಿ ಇಲ್ಲಿಯ ಹಳೆಯ ಬೆಳೆಗಳಾದರೆ ಗೋವಿನಜೋಳ ಈಚಿನ ದಶಕಗಳಲ್ಲಿ ಜಿಲ್ಲೆಯ ಮುಖ್ಯ ಬೆಳೆಯಾಗಿ ಹಬ್ಬಿದೆ. ಮುಂಗಾರು ಹಿಡಿದ ಮೇಲೆ ಸಾಲಿನ ನಡುವೆ ಎಡೆಕುಂಟೆ ಹೊಡೆಯುವುದು, ಕುಂಟೆಗೆ ಸಿಗದೆ ಉಳಿದ ಕಸವನ್ನು ಕುಳಿತು ಕುರ್ಚಿಗೆಯಿಂದ ತೆಗೆಯುವುದು, ಸುಗ್ಗಿಯ ಹೊತ್ತಿಗೆ ಒಣಗಿದ ಬೆಳೆಯನ್ನು ಕೊಯ್ದು ಒಕ್ಕುವುದು, ಹೀಗೆ ವರ್ಷದ ಬಹುಪಾಲು ರೈತನ ಮತ್ತು ಕೂಲಿಯವರ ಚರ್ಮ ಗಿಡಗಳ ರಸ, ರೋಮ, ಧೂಳುಗಳಿಗೆ ತೆರೆದುಕೊಂಡೇ ಇರುತ್ತದೆ. ಈ ದುಡಿಮೆಯಲ್ಲಿ ಮೈ ತುರಿಸುವುದು ಹೊಸತೇನೂ ಅಲ್ಲ. ದುಂಡಗೆ ಅಂಚುಕಟ್ಟಿ ಹಬ್ಬುವ ಶಿಲೀಂಧ್ರದ ಸೋಂಕಿಗೆ ಗಜಕರ್ಣ, ನೀರೊಸರಿ ಆಮೇಲೆ ಒಣಗಿ ದಪ್ಪಗಟ್ಟುವುದಕ್ಕೆ ಇಸುಬು, ಕಾರಣ ತಿಳಿಯದೆ ಬಾತು ಕೆಂಪೇರುವುದಕ್ಕೆ ನಂಜು ಎಂದು ಜನರು ಮೊದಲಿನಿಂದಲೂ ಬೇರೆ ಬೇರೆಯಾಗಿ ಹೆಸರಿಸಿದ್ದರು. ಹೊಸದಾಗಿ ಬಂದ ಕಾಯಿಲೆಯೂ ಬಹುಕಾಲ ಈ ಹಳೆಯ ಹೆಸರುಗಳ ಮರೆಯಲ್ಲೇ ಉಳಿಯಿತು.

ಕಾಯಿಲೆಗೆ ಮೂಲವಾದ ಗಿಡವನ್ನು ಉತ್ತರ ಕರ್ನಾಟಕದಲ್ಲಿ ಕಾಂಗ್ರೆಸ್ ಕಸವೆಂದೂ ಉಳಿದ ಕಡೆ ಕಾಂಗ್ರೆಸ್ ಹುಲ್ಲು ಎಂದೂ ಕರೆಯುತ್ತಾರೆ. ಹುಲ್ಲಿನ ಜಾತಿಗೆ ಸೇರದ, ಸೇವಂತಿಗೆ ಮತ್ತು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಈ ಸಸ್ಯಕ್ಕೆ ಲಿನೇಯಸ್ 1753ರಲ್ಲಿ ಪಾರ್ಥೇನಿಯಂ ಹಿಸ್ಟರೊಫೋರಸ್ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಇದರ ತವರು ಮೆಕ್ಸಿಕೊ ಕೊಲ್ಲಿಯ ಸುತ್ತಲಿನ ಅಮೆರಿಕದ ಉಷ್ಣ ಪ್ರದೇಶ. ಭಾರತದಲ್ಲಿ ಇದು ಕಳೆಯಾಗಿ ಗಮನ ಸೆಳೆದದ್ದು 1955ರಲ್ಲಿ ಪುಣೆಯಲ್ಲಿ. ಅಲ್ಲಿ ಕಂಡ ಗಿಡಗಳ ವಿವರವನ್ನು ಸಸ್ಯವಿಜ್ಞಾನಿ ಆರ್. ಎಸ್. ರಾವ್ 1956ರಲ್ಲಿ ಪ್ರಕಟಿಸಿದರು. ಪಿ.ಎಲ್. 480 ಎಂಬ ಕಾನೂನಿನಡಿ ಅಮೆರಿಕದಿಂದ ತರಿಸಿದ ಗೋದಿಯ ಜೊತೆಗೆ ಬೀಜಗಳು ಬಂದವೆಂಬ ಮಾತು ಪಠ್ಯಪುಸ್ತಕಗಳವರೆಗೂ ಪ್ರಚಾರದಲ್ಲಿದೆ. ಆದರೆ ಆ ಕಾನೂನಿನಡಿ ಭಾರತ ಮತ್ತು ಅಮೆರಿಕಗಳ ನಡುವೆ ಒಪ್ಪಂದವಾದದ್ದು 1956ರ ಆಗಸ್ಟಿನಲ್ಲಿ, ಅಂದರೆ ಪುಣೆಯಲ್ಲಿ ಗಿಡ ಕಂಡ ಮೇಲೆ. 1880ರಷ್ಟು ಹಿಂದೆಯೇ ಸಂಗ್ರಹಿಸಿದ ಮಾದರಿಯೊಂದು ಡೆಹ್ರಾಡೂನಿನ ಸಸ್ಯಸಂಗ್ರಹದಲ್ಲಿ ದಾಖಲಾಗಿದೆ. ಆದ್ದರಿಂದ ಆಮದು ಗೋದಿಯು ಗಿಡದ ಹರಡುವಿಕೆಗೆ ನೆರವಾಗಿರಬಹುದಾದರೂ ಅದರ ಮೊದಲ ಪ್ರವೇಶವನ್ನು ಆ ಒಂದೇ ಕಾರಣಕ್ಕೆ ಕಟ್ಟಿಹಾಕುವುದು ದಾಖಲೆಗಳಿಗೆ ಹೊಂದುವುದಿಲ್ಲ.

ಬಂದ ಗಿಡ ಇಷ್ಟು ಬೇಗ ನೆಲೆಯೂರಿದ್ದಕ್ಕೆ ಅದರ ಜೀವನಕ್ರಮವೇ ಕಾರಣ. ಗಜ್ಜರಿಯ ಸೊಪ್ಪಿನಂತೆ ಸೀಳು ಸೀಳಾದ ಎಲೆಗಳನ್ನು ಮೊದಲು ನೆಲಕ್ಕೆ ಹರಡಿಕೊಂಡು ಬೆಳೆಯುವ ಸಸಿ, ಆಮೇಲೆ ಕಾಂಡವೆತ್ತಿ ಆಳೆತ್ತರಕ್ಕೆ ಏರಿ, ಕಡಲೆಕಾಳಿಗಿಂತಲೂ ಚಿಕ್ಕದಾದ ಬಿಳಿಯ ಹೂದಲೆಗಳನ್ನು ಗೊಂಚಲು ಗೊಂಚಲಾಗಿ ಬಿಡುತ್ತದೆ. ಒಂದೊಂದು ಹೂದಲೆಯಲ್ಲಿ ಸಾಮಾನ್ಯವಾಗಿ ಐದು ಬೀಜಗಳಷ್ಟೇ ಇದ್ದರೂ ಸೊಂಪಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ನೆಲದಲ್ಲಿ ಹಸಿ ಇದ್ದರೆ ಯಾವ ತಿಂಗಳಲ್ಲಾದರೂ ಮೊಳೆಯುವ, ತನ್ನ ಬೇರು ಮತ್ತು ಎಲೆಗಳಿಂದ ಹೊರಬರುವ ರಾಸಾಯನಿಕಗಳಿಂದ ನೆರೆಯ ಸಸ್ಯಗಳ ಬೆಳವಣಿಗೆಯನ್ನು ತಡೆಯುವ, ಕಹಿಯಿರುವುದರಿಂದ ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕದ ಈ ಗಿಡಕ್ಕೆ ರಸ್ತೆಯ ಪಕ್ಕ, ಗೋಮಾಳ, ಕಾಲುವೆಯ ದಂಡೆ, ಊರಿನ ತಿಪ್ಪೆ ಎಲ್ಲವೂ ನೆಲೆಯಾದವು.

ಸಸ್ಯವೊಂದು ಮನುಷ್ಯನ ಚರ್ಮವನ್ನು ಕೆರಳಿಸಬಲ್ಲದೆಂಬುದನ್ನು ಪರೀಕ್ಷಿಸುವ ವಿಧಾನ ಆ ಹೊತ್ತಿಗೆ ವೈದ್ಯಶಾಸ್ತ್ರದಲ್ಲಿ ಸಿದ್ಧವಾಗಿತ್ತು. ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲೌ ನಗರದ ಚರ್ಮವೈದ್ಯ ಯೋಸೆಫ್ ಯಾಡಸ್ಸೋನ್ 1895ರಲ್ಲಿ ವಿವರಿಸಿದ ಪ್ಯಾಚ್ ಟೆಸ್ಟ್, ಅಂದರೆ ಸಂಶಯದ ವಸ್ತುವನ್ನು ಆರೋಗ್ಯವಾಗಿರುವ ಚರ್ಮಕ್ಕೆ ಪಟ್ಟಿಯಿಂದ ಅಂಟಿಸಿ ಪ್ರತಿಕ್ರಿಯೆಯನ್ನು ಕಾಯುವ ಪರೀಕ್ಷೆ, ಇಂದಿಗೂ ಈ ಶಾಖೆಯ ಮುಖ್ಯ ಸಾಧನವಾಗಿದೆ. ಭಾರತದ ಸಸ್ಯಗಳ ವಿಷಯದಲ್ಲಿ ಅದು ಪ್ರಸಿದ್ಧವಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಇಲ್ಲಿ ನೆಲೆಸಿದ್ದ ಅಮೆರಿಕದ ಸೈನಿಕರ ಕುತ್ತಿಗೆಯ ಮೇಲೆ ಕಾಣಿಸಿಕೊಂಡ ಗುಳ್ಳೆಗಳು, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಭಲ್ಲಾತಕ ಎಂಬ ಕೇರುಬೀಜದ ರಸದಿಂದ ಬಂದವೆಂದು 1943ರಲ್ಲಿ ಮೂವರು ಸೇನಾ ವೈದ್ಯರು ತೋರಿಸಿಕೊಟ್ಟರು. ಅಗಸರ ಗುರುತಿನ ಹೆಸರಿನಲ್ಲೇ ಆ ಕಾಯಿಲೆ ವೈದ್ಯಸಾಹಿತ್ಯಕ್ಕೆ ಸೇರಿತು.

ಪುಣೆಯ ಸುತ್ತ ಕಳೆ ಹಬ್ಬಿದ ಹಿಂದೆಯೇ ಅಲ್ಲಿಯ ಚರ್ಮವೈದ್ಯರ ಬಳಿಗೆ ಒಂದೇ ಬಗೆಯ ದೂರುಗಳನ್ನು ಹೊತ್ತ ರೋಗಿಗಳು ಬರತೊಡಗಿದರು. ಪುಣೆಯ ಎ. ಲೋಣ್ಕರ್, ಕೆನಡದ ವ್ಯಾಂಕೂವರಿನ ಜೆ. ಸಿ. ಮಿಚೆಲ್ ಮತ್ತು ಲಂಡನ್ನಿನ ಸಿ. ಡಿ. ಕಾಲ್ನನ್ 1974ರಲ್ಲಿ ಪ್ರಕಟಿಸಿದ ಪ್ರಬಂಧ ಪಾರ್ಥೇನಿಯಂನಿಂದ ಬರುವ ಸಂಪರ್ಕಜನ್ಯ ಚರ್ಮ ಉರಿಯೂತವನ್ನು, ಎಂದರೆ ಹೊರಗಿನ ವಸ್ತುವೊಂದು ತಾಗಿದ್ದರಿಂದ ಚರ್ಮ ಕೆಂಪೇರಿ, ಬಾತು, ತುರಿಸುವ ಸ್ಥಿತಿಯನ್ನು, ಜಗತ್ತಿನ ಚರ್ಮವೈದ್ಯರ ಮುಂದಿಟ್ಟಿತು. ರೋಗದ ಲಕ್ಷಣಗಳು ಹರಡಿಕೊಂಡಿರುವ ಜಾಗಗಳೇ ಅದರ ಕಾರಣವನ್ನು ಸೂಚಿಸುತ್ತವೆ. ರೆಪ್ಪೆಗಳು, ಕಿವಿಯ ಹಿಂಭಾಗ, ಗದ್ದದ ಕೆಳಗೆ, ಕುತ್ತಿಗೆಯ ಮಡಿಕೆಗಳು, ಮೊಣಕೈ ಮತ್ತು ಮೊಣಕಾಲುಗಳ ಒಳಮಗ್ಗುಲು ಇವೆಲ್ಲ ಗಾಳಿಯಲ್ಲಿ ತೇಲುವ ಧೂಳು ಬೆವರಿನೊಂದಿಗೆ ನಿಲ್ಲುವ ತಾವುಗಳು. ಬಿಸಿಲಿನಿಂದ ಮಾತ್ರ ಬರುವ ಕಾಯಿಲೆಯಾದರೆ ನೆರಳು ಬೀಳುವ ರೆಪ್ಪೆ, ಗದ್ದದ ಕೆಳಭಾಗ ಮತ್ತು ಕಿವಿಯ ಹಿಂಭಾಗಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಇಲ್ಲಿ ಅವೇ ಮೊದಲು ಕೆಡುತ್ತವೆ. ವರ್ಷಗಟ್ಟಲೆ ಕೆರೆದು ಕೆರೆದು ಚರ್ಮ ದಪ್ಪವಾಗಿ, ಗೆರೆಗಟ್ಟಿ, ಮುಖವೇ ಬಾತು ಬದಲಾಗುವುದರಿಂದ ಕೆಲವರಲ್ಲಿ ಅದು ಕುಷ್ಠರೋಗದ ಮುಖದಂತೆ ಕಂಡುಬಿಡುವುದೂ ಉಂಟು. ತುರಿಕೆಯಿಂದ ನಿದ್ದೆಗೆಟ್ಟವನು ಕುಷ್ಠದ ಕಳಂಕವನ್ನೂ ಹೊರಬೇಕಾಗುವುದು ಈ ರೋಗದ ಅತ್ಯಂತ ಕ್ರೂರವಾದ ಮುಖ.

ಗಿಡದೊಳಗಿನ ದೋಷಿ ಯಾವುದೆಂಬುದಕ್ಕೆ ರಸಾಯನಶಾಸ್ತ್ರ ಉತ್ತರ ಕೊಟ್ಟಿತು. ಅಮೆರಿಕದ ವೆರ್ನರ್ ಹರ್ಟ್ಸ್ ಮತ್ತು ಜಪಾನೀ ಸಹೋದ್ಯೋಗಿ ವಟನಾಬೆ 1959ರಲ್ಲಿ ವಿವರಿಸಿದ ಪಾರ್ಥೆನಿನ್ ಎಂಬ ಕಹಿವಸ್ತು ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ಸಂಯುಕ್ತಗಳ ಗುಂಪಿಗೆ ಸೇರಿದ್ದು; ಈ ಗುಂಪಿನ ಸಂಯುಕ್ತಗಳು ಸೇವಂತಿಗೆಯ ಕುಟುಂಬದ ಗಿಡಗಳಲ್ಲಿ ಹೇರಳವಾಗಿವೆ. ಗಿಡದ ಕಾಂಡ, ಎಲೆಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿಯೇ ಇವು ಸಂಗ್ರಹವಾಗಿರುವುದನ್ನು 1976ರಲ್ಲಿ ರಾಡ್ರಿಗೆಜ್, ಟವರ್ಸ್, ಮಿಚೆಲ್ ಮೊದಲಾದವರು ತೋರಿಸಿದರು. ಗಿಡ ಒಣಗಿದಾಗ ಈ ರೋಮಗಳೂ ಎಲೆಯ ಪುಡಿಯೂ ಗಾಳಿಗೆ ಏರುವುದರಿಂದ ಗಿಡವನ್ನು ಮುಟ್ಟದವನಿಗೂ ಕಾಯಿಲೆ ತಗಲುತ್ತದೆ. ಪಾರ್ಥೆನಿನ್ ಅಣು ತೀರ ಚಿಕ್ಕದಾದ್ದರಿಂದ ಅದೊಂದೇ ದೇಹದ ರಕ್ಷಣಾವ್ಯವಸ್ಥೆಯ ಗಮನಕ್ಕೆ ಬೀಳುವುದಿಲ್ಲ, ಆದರೆ ಚರ್ಮದ ಪ್ರೋಟೀನುಗಳಿಗೆ ಬಿಗಿಯಾಗಿ ಅಂಟಿಕೊಂಡಾಗ ಆ ಜೋಡಿಯನ್ನು ದೇಹ ಪರಕೀಯವೆಂದು ಗುರುತಿಸುತ್ತದೆ. ಚರ್ಮದಲ್ಲಿ ಕಾವಲಿರುವ ಕೋಶಗಳು ಅದನ್ನು ಹತ್ತಿರದ ಹಾಲುರಸದ ಗಂಟುಗಳಿಗೆ ಒಯ್ದು, ಟಿ ಕೋಶಗಳೆಂಬ ಬಿಳಿಯ ರಕ್ತಕಣಗಳಿಗೆ ಅದರ ಗುರುತು ಹಿಡಿಸುತ್ತವೆ. ಈ ಮೊದಲ ಪರಿಚಯ ಸದ್ದಿಲ್ಲದೆ ನಡೆಯುತ್ತದೆ. ಮುಂದೊಮ್ಮೆ ಅದೇ ವಸ್ತು ತಾಗಿದಾಗ ಒಂದೆರಡು ದಿನಗಳಲ್ಲಿ ಉರಿಯೂತ ಏಳುತ್ತದೆ. ವರ್ಷಾನುಗಟ್ಟಲೆ ಕಳೆ ಕಿತ್ತರೂ ಏನೂ ಆಗದ ರೈತನಿಗೆ ನಡುವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ರೋಗ ಬರುವುದಕ್ಕೂ, ತಾಗಿದ ದಿನವೇ ತುರಿಸದ ಕಾರಣ ಗಿಡದ ಮೇಲೆ ಸಂಶಯ ಹೋಗದಿರುವುದಕ್ಕೂ ಇದೇ ವಿವರಣೆ.

ಕರ್ನಾಟಕದಲ್ಲಿ ಈ ಸಂಶೋಧನೆಗೆ ನೆಲೆಯಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿಯ ಜೀವರಸಾಯನ ವಿಭಾಗದ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು 1970ರ ದಶಕದ ನಡುವಿನಿಂದ, ಕಳೆಯ ನಡುವೆ ಬದುಕುವ ಜನರನ್ನು ಪರೀಕ್ಷಿಸುತ್ತ, ಪಾರ್ಥೆನಿನ್‌ಗೆ ಅವರ ದೇಹ ತೋರುವ ಪ್ರತಿಕ್ರಿಯೆಯನ್ನು ಅಳೆಯುತ್ತ ಬಂದರು. ಟವರ್ಸ್ ಮತ್ತು ಮಿಚೆಲ್ ಅವರೊಡನೆ ಸುಬ್ಬರಾವ್ ಸೇರಿ 1977ರಲ್ಲಿ ಪ್ರಕಟಿಸಿದ ವಿಸ್ತಾರವಾದ ಪ್ರಬಂಧ ಗಿಡದ ಜೀವನ, ರಸಾಯನ ಮತ್ತು ರೋಗ ಮೂರನ್ನೂ ಒಂದೆಡೆ ತಂದಿತು. ಇದೇ ತಂಡದ ಮುಂದಿನ ಕೆಲಸ ಗಿಡದ ಪರಾಗದ ಕಡೆಗೆ ಹೊರಳಿತು. ಚರ್ಮದ ಕಾಯಿಲೆಗೆ ಪಾರ್ಥೆನಿನ್ ಕಾರಣವಾದರೆ ಪರಾಗದ ಪ್ರೋಟೀನುಗಳು ಸೀನು, ಮೂಗು ಸೋರುವಿಕೆ ಮತ್ತು ಉಬ್ಬಸಗಳಿಗೆ ಕಾರಣವಾಗಬಲ್ಲವು. ಇದು ತಾಗಿದ ಕೆಲವೇ ನಿಮಿಷಗಳಲ್ಲಿ ಏಳುವ, ಬೇರೆಯೇ ಬಗೆಯ ಅಲರ್ಜಿ. ಬೆಂಗಳೂರಿನಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಗಿನ ಅಲರ್ಜಿಯ ರೋಗಿಗಳಲ್ಲಿ ಶೇ. 34 ಮತ್ತು ಉಬ್ಬಸದ ರೋಗಿಗಳಲ್ಲಿ ಶೇ. 12 ಮಂದಿ ಪಾರ್ಥೇನಿಯಂ ಪರಾಗದ ಚುಚ್ಚು ಪರೀಕ್ಷೆಗೆ ಪ್ರತಿಕ್ರಿಯಿಸಿದ್ದರು.

ಹೊರಗಿನ ವಸ್ತುವಿನಿಂದ ಚರ್ಮ ಉರಿದ ಮಾತ್ರಕ್ಕೆ ಅದು ಅಲರ್ಜಿಯಾಗುವುದಿಲ್ಲವೆಂಬುದನ್ನು ತಿಳಿಯಲು ಗುತ್ತಲದವರು ದೂರ ಹೋಗಬೇಕಿಲ್ಲ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದರೆ ಸಾಕು. ಅಲ್ಲಿ ದಿನವಿಡೀ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈ ಉರಿಯುವುದಕ್ಕೆ ಕ್ಯಾಪ್ಸೈಸಿನ್ ಎಂಬ ಖಾರದ ಅಂಶ ಕಾರಣ. ಅದು ಕಾವನ್ನು ಗುರುತಿಸುವ ನರತುದಿಗಳ ಗ್ರಾಹಕವನ್ನೇ ನೇರವಾಗಿ ಎಚ್ಚರಿಸುತ್ತದೆಂಬುದನ್ನು 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಕಂಡುಹಿಡಿಯಿತು. ಸ್ಪರ್ಶ ಮತ್ತು ಕಾವಿನ ಗ್ರಾಹಕಗಳ ಕುರಿತ ಶೋಧಕ್ಕಾಗಿ ಅವರು 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಸಾಕಷ್ಟು ಹೊತ್ತು ಸಾಕಷ್ಟು ಖಾರ ತಾಗಿದರೆ ಯಾರ ಕೈಯಾದರೂ ಉರಿಯುತ್ತದೆ, ಬಿಟ್ಟರೆ ತಾನಾಗಿ ತಣ್ಣಗಾಗುತ್ತದೆ. ಖಾರ ಎಣ್ಣೆಯಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಕೈಗೆ ಎಣ್ಣೆ ಸವರಿ ಅನಂತರ ಸಾಬೂನಿನಿಂದ ತೊಳೆಯುವುದು ಬರಿಯ ನೀರಿಗಿಂತ ಮೇಲು. ಪಾರ್ಥೇನಿಯಂ ಅಲರ್ಜಿಯಾದರೋ ಕೆಲವರನ್ನು ಮಾತ್ರ ಆರಿಸಿಕೊಳ್ಳುತ್ತದೆ, ಆರಿಸಿಕೊಂಡವರನ್ನು ಸಾಮಾನ್ಯವಾಗಿ ಬಿಡುವುದಿಲ್ಲ, ಅತ್ಯಲ್ಪ ಪ್ರಮಾಣದಿಂದಲೂ ಮರುಕಳಿಸುತ್ತದೆ.

ಪ್ಯಾಚ್ ಟೆಸ್ಟ್ ಈ ವ್ಯತ್ಯಾಸವನ್ನೇ ಕಣ್ಣಿಗೆ ತೋರಿಸುತ್ತದೆ. ಪಾರ್ಥೇನಿಯಂನ ಸಾರವನ್ನು ಸಣ್ಣ ಅಲ್ಯೂಮಿನಿಯಂ ಬಟ್ಟಲಿನಲ್ಲಿಟ್ಟು, ಉಳಿದ ಸಂಶಯದ ವಸ್ತುಗಳೊಡನೆ ಸಾಲಾಗಿ ಬೆನ್ನಿನ ಮೇಲ್ಭಾಗಕ್ಕೆ ಅಂಟಿಸುತ್ತಾರೆ. ಬೆನ್ನು ನೆನೆಯದಂತೆ, ಬೆವರದಂತೆ ನೋಡಿಕೊಂಡ ರೋಗಿ ಎರಡು ದಿನಗಳ ಮೇಲೆ ಬಂದಾಗ ಪಟ್ಟಿಗಳನ್ನು ತೆಗೆದು ಒಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ಚರ್ಮವನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಬರಿಯ ಕೆರಳಿಕೆಯಾದರೆ ಎರಡನೆಯ ಸಲಕ್ಕೆ ಮಾಸಿರುತ್ತದೆ, ಅಲರ್ಜಿಯಾದರೆ ಉಬ್ಬು, ಗುಳ್ಳೆಗಳೊಡನೆ ಉಳಿದಿರುತ್ತದೆ ಇಲ್ಲವೆ ಹೆಚ್ಚಿರುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಎಸ್. ಪಸ್ರೀಚಾ ಮತ್ತು ಸಹೋದ್ಯೋಗಿಗಳು ಸಾರವನ್ನು ಹಂತ ಹಂತವಾಗಿ ತೆಳುವಾಗಿಸಿ ಪರೀಕ್ಷಿಸುತ್ತ, ಎಷ್ಟು ತೆಳುವಾದ ಸಾರಕ್ಕೂ ಚರ್ಮ ಪ್ರತಿಕ್ರಿಯಿಸುತ್ತದೆಂಬುದರಿಂದ ಅಲರ್ಜಿಯ ತೀವ್ರತೆಯನ್ನು ಅಳೆಯುವ ಕ್ರಮವನ್ನು ಬೆಳೆಸಿದರು.

ಚಿಕಿತ್ಸೆಯ ಸಂಶೋಧನೆಯಲ್ಲಿ ಕರಾವಳಿಯ ಮಣಿಪಾಲ ಮುಖ್ಯ ಹೆಸರು. ಅಲ್ಲಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸಿ. ಆರ್. ಶ್ರೀನಿವಾಸ್ ಮತ್ತು ಸಹೋದ್ಯೋಗಿಗಳು 1988ರಲ್ಲಿ, ಗಿಡದ ಸಾರವನ್ನು ಏರುವ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟು ದೇಹವನ್ನು ಒಗ್ಗಿಸುವ ಪ್ರಯತ್ನವನ್ನು ವರದಿ ಮಾಡಿದರು. 1991ರಲ್ಲಿ ಅಜಥಯೋಪ್ರಿನ್ ಎಂಬ ಔಷಧದ ಬಳಕೆಯನ್ನು ಪ್ರಕಟಿಸಿದರು. ಮೂತ್ರಪಿಂಡದ ಕಸಿಯಲ್ಲಿ ದೇಹದ ಪ್ರತಿರೋಧವನ್ನು ತಗ್ಗಿಸಲು ಬಳಸುತ್ತಿದ್ದ ಈ ಔಷಧ ಪಾರ್ಥೇನಿಯಂ ರೋಗಿಗಳಿಗೆ ದೊಡ್ಡ ಆಸರೆಯಾಯಿತು, ಏಕೆಂದರೆ ಅಲ್ಲಿಯವರೆಗೆ ಉರಿಯೂತವನ್ನು ಅಡಗಿಸಲು ಇದ್ದ ಪ್ರಬಲ ದಾರಿಯೆಂದರೆ ಸ್ಟೀರಾಯ್ಡ್ ಮಾತ್ರೆಗಳು. ಅವನ್ನು ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆತ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಬೆನ್ನಟ್ಟುತ್ತವೆ. ಅಜಥಯೋಪ್ರಿನ್ ಕೂಡ ರಕ್ತಕಣಗಳನ್ನೂ ಯಕೃತ್ತನ್ನೂ ಆಗಾಗ ಪರೀಕ್ಷಿಸುತ್ತ, ವೈದ್ಯರ ನಿಗಾದಲ್ಲಿಯೇ ತೆಗೆದುಕೊಳ್ಳಬೇಕಾದ ಔಷಧ.

ಔಷಧದಿಂದ ರೋಗ ಅಡಗಬಹುದೇ ಹೊರತು ಕಳೆ ಇರುವವರೆಗೆ ಅಳಿಯುವುದಿಲ್ಲವೆಂಬುದು ಸ್ಪಷ್ಟವಾದಂತೆ, ಈ ಚರಿತ್ರೆ ಆಸ್ಪತ್ರೆಯಿಂದ ಮತ್ತೆ ಹೊಲಕ್ಕೆ ಬರುತ್ತದೆ. ಕರ್ನಾಟಕ ಸರ್ಕಾರ 1975ರಲ್ಲಿಯೇ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಪಾರ್ಥೇನಿಯಂ ಅನ್ನು ಅಪಾಯಕಾರಿ ಕಳೆಯೆಂದು ಘೋಷಿಸಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಪಿ. ಜಯಂತ್, ಮೆಕ್ಸಿಕೊ ಮೂಲದ ಜೈಗೊಗ್ರಾಮ ಬೈಕಲೊರೇಟ ಎಂಬ, ಕೆನೆಬಣ್ಣದ ರೆಕ್ಕೆಯ ಮೇಲೆ ಕಂದು ಗೆರೆಗಳಿರುವ ಪುಟ್ಟ ಜೀರುಂಡೆಯ ಮೇಲೆ ಕೆಲಸ ಮಾಡಿದರು. 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟ ಈ ಕೀಟ ಮಳೆಗಾಲದಲ್ಲಿ ಎಲೆಗಳನ್ನು ತಿಂದು ಗಿಡವನ್ನು ಬೋಳಾಗಿಸುತ್ತದೆ, ಒಣಗಾಲದಲ್ಲಿ ಮಣ್ಣಿನೊಳಗೆ ಅಡಗಿ ಮುಂದಿನ ಮಳೆಗೆ ಹೊರಬರುತ್ತದೆ. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿಯ ಎಲೆಗಳನ್ನೂ ತಿನ್ನುತ್ತಿದೆಯೆಂಬ ಸುದ್ದಿ ರೈತರಲ್ಲಿ ಆತಂಕ ಹುಟ್ಟಿಸಿತು. ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದಿದ್ದ ಪಾರ್ಥೇನಿಯಂ ಪರಾಗವೇ ಕೀಟವನ್ನು ತಿನ್ನಲು ಪ್ರೇರಿಸುತ್ತಿತ್ತೆಂದು ಜಯಂತ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ತೋರಿಸಿದರು.

ಗುತ್ತಲದ ನೆರೆಯ ಧಾರವಾಡದಲ್ಲಿ ಇನ್ನೊಂದು ಮಾರ್ಗ ರೂಪುಗೊಂಡಿತು. ತಗಚೆಯ ಬಳಗದ ಕ್ಯಾಸಿಯ ಯೂನಿಫ್ಲೋರ ಎಂಬ ಗಿಡ ದಟ್ಟವಾಗಿ ಬೆಳೆದು ಪಾರ್ಥೇನಿಯಂ ಅನ್ನು ಹಿಂದಕ್ಕೆ ತಳ್ಳುವುದನ್ನು ಅಲ್ಲಿಯ ಸಂಶೋಧಕರು ಗಮನಿಸಿ ಅಧ್ಯಯನ ನಡೆಸಿದರು. ಭತ್ತದ ತಳಿವಿಜ್ಞಾನಿಯೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದ ಎಂ. ಮಹದೇವಪ್ಪ ಇಂಥ ಎಲ್ಲ ಉಪಾಯಗಳನ್ನು ಒಟ್ಟುಗೂಡಿಸಿ ಬಳಸುವ ಸಮಗ್ರ ನಿರ್ವಹಣೆಯನ್ನು ಪ್ರತಿಪಾದಿಸಿದರು. ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1997ರ ಅಕ್ಟೋಬರಿನಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಅದೇ ವರ್ಷದ ಆಗಸ್ಟಿನಲ್ಲಷ್ಟೇ ಹಾವೇರಿ, ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಗಿತ್ತು. ಈಗ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ.

ಈ ಎಲ್ಲ ತಿಳಿವಳಿಕೆ ಗುತ್ತಲದಂಥ ಊರಿನ ರೋಗಿಯನ್ನು ಮುಟ್ಟುವ ದಾರಿ ಇನ್ನೂ ಉದ್ದವಾಗಿಯೇ ಇದೆ. ದಶಕಗಳ ಕಾಲ ಈ ಭಾಗದ ಕಠಿಣ ಚರ್ಮರೋಗಿಗಳಿಗೆ ದೊಡ್ಡ ಆಸರೆಗಳೆಂದರೆ 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಮತ್ತು 1965ರಲ್ಲಿ ಆರಂಭವಾದ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು. ಪ್ಯಾಚ್ ಟೆಸ್ಟಿಗೆ ಒಂದೇ ವಾರದಲ್ಲಿ ಮೂರು ಸಲ ಹೋಗಬೇಕಾಗುವುದರಿಂದ ಸುಗ್ಗಿಯ ದಿನಗಳಲ್ಲಿ ಕೂಲಿಯವರಿಗೆ ಅದು ದುಬಾರಿ. ಅದರ ಬದಲಿಗೆ ಔಷಧದ ಅಂಗಡಿಯಲ್ಲಿ ಕೇಳಿ ಪಡೆದ, ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಕೆಲವು ದಿನ ತಗ್ಗುತ್ತದೆ, ಬಿಟ್ಟೊಡನೆ ಇಮ್ಮಡಿಯಾಗುತ್ತದೆ, ಇದ್ದದ್ದು ಗಜಕರ್ಣವಾದರೆ ಗುರುತು ಸಿಗದಂತೆ ಹಬ್ಬುತ್ತದೆ. ಇಂಥ ಮುಲಾಮುಗಳ ದುರ್ಬಳಕೆಯ ವಿರುದ್ಧ ದೇಶದ ಚರ್ಮವೈದ್ಯರ ಸಂಘ ವರ್ಷಗಳಿಂದ ದನಿಯೆತ್ತುತ್ತ ಬಂದಿದೆ.

ಸಂಶೋಧನೆಯಿಂದ ಹೊರಟ ಪಾಠಗಳು ಆಚರಣೆಗೆ ಕಷ್ಟವಾದವೇನಲ್ಲ. ಗಿಡವನ್ನು ಹೂಬಿಡುವ ಮೊದಲೇ, ನೆಲ ಹಸಿಯಾಗಿರುವಾಗ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಅಲರ್ಜಿ ಇರುವವರನ್ನು ಈ ಕೆಲಸಕ್ಕೆ ಹಚ್ಚಬಾರದು. ಒಣಗಿದ ಗಿಡಗಳನ್ನು ಊರ ಪಕ್ಕದಲ್ಲಿ ರಾಶಿ ಹಾಕಬಾರದು. ಹೊಲದಿಂದ ಬಂದೊಡನೆ ಮೈತೊಳೆದು ಬಟ್ಟೆ ಬದಲಿಸಬೇಕು. ಒಂದೇ ಕುಟುಂಬದ ಗಿಡಗಳಲ್ಲಿ ಹೋಲುವ ಲ್ಯಾಕ್ಟೋನುಗಳಿರುವುದರಿಂದ ಕೆಲವು ರೋಗಿಗಳಿಗೆ ಸೇವಂತಿಗೆ ಹೂ ಕಟ್ಟುವುದರಿಂದಲೂ ಸೂರ್ಯಕಾಂತಿಯ ಹೊಲದಲ್ಲಿ ದುಡಿಯುವುದರಿಂದಲೂ ರೋಗ ಕೆರಳಬಹುದು ಎಂಬುದನ್ನು ವೈದ್ಯರು ಹೇಳಬೇಕು, ರೋಗಿಗಳು ಕೇಳಬೇಕು.

ಒಂದು ಕಳೆಯ ಬೆನ್ನು ಹಿಡಿದು ಪುಣೆಯ ಚಿಕಿತ್ಸಾಲಯ, ಬೆಂಗಳೂರಿನ ಪ್ರಯೋಗಾಲಯ, ಮಣಿಪಾಲದ ಆಸ್ಪತ್ರೆ, ಹೆಸರಘಟ್ಟ ಮತ್ತು ಧಾರವಾಡದ ಹೊಲಗಳು ಒಂದಕ್ಕೊಂದು ಸೇರಿಕೊಂಡ ಈ ಚರಿತ್ರೆಯಲ್ಲಿ ಪ್ರತಿ ಹೆಜ್ಜೆಯೂ ಮುಂದೆ ಸಾಗಿದ್ದು, ರೋಗಿಯ ದುಡಿಮೆಯ ಬಗ್ಗೆ ಯಾರಾದರೂ ಸರಿಯಾದ ಪ್ರಶ್ನೆ ಕೇಳಿದಾಗ. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಇಳಿದು ಬರಬೇಕು. ಬಹಳ ದಿನದ ತುರಿಕೆಯೊಡನೆ ಬಂದ ರೈತನ ರೆಪ್ಪೆ, ಕಿವಿಯ ಹಿಂಭಾಗ, ಕುತ್ತಿಗೆಗಳನ್ನು ನೋಡಿ ಆತನ ಬದುವಿನಲ್ಲಿ ಏನು ಬೆಳೆದಿದೆಯೆಂದು ವಿಚಾರಿಸುವುದಕ್ಕೆ ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ. ಕಳೆ ಕೀಳುವುದು ಗ್ರಾಮ ಪಂಚಾಯಿತಿಗೂ ಕೃಷಿ ಇಲಾಖೆಗೂ ಸೇರಿದ ಕೆಲಸವೆಂದು ಆರೋಗ್ಯ ಇಲಾಖೆ ಕೈತೊಳೆದುಕೊಳ್ಳದೆ, ಅದನ್ನು ರೋಗ ತಡೆಯುವ ಕೆಲಸವೆಂದು ಮೂವರೂ ಒಟ್ಟಾಗಿ ಕೈಗೆತ್ತಿಕೊಂಡರೆ ಅರ್ಧ ಶತಮಾನದ ಸಂಶೋಧನೆ ತಾನು ಹುಟ್ಟಿದ ನೆಲದ ಜನರ ಉಪಯೋಗಕ್ಕೆ ಬರುತ್ತದೆ.